ನೂರನಾಲ್ಕು ವರ್ಷಗಳ ನಡಿಗೆ

ಕಾಲಿಗೆರಗಿದ ಕಿರಿಯರನ್ನು ‘ನೂರು ವರ್ಷ ಬಾಳು’ ಎಂದು ಹರಸುವುದು ನಮ್ಮ ಹಿರಿಯರ ರೂಢಿ. ಅದು ಬಾಯಿತುಂಬ ಆಡುವ ಮಾತು. ಲೆಕ್ಕವಿಟ್ಟು ಆಡುವ ಮಾತಲ್ಲ. ಆದರೂ ಆ ಹರಕೆ ಅಕ್ಷರಶಃ ಫಲಿಸಿದ ಇಬ್ಬರು ಮಹನೀಯರನ್ನು ನಮ್ಮ ದೇಶ ಒಂದೇ ವರ್ಷದಲ್ಲಿ ಕಳೆದುಕೊಂಡಿತು. ೧೯೬೨ರ ಏಪ್ರಿಲ್ ತಿಂಗಳಲ್ಲಿ ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡರು. ಅದೇ ವರ್ಷ ನವೆಂಬರ್ ೯ರಂದು ಪುಣೆಯಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಕಣ್ಣು ಮುಚ್ಚಿದರು. ಇಬ್ಬರೂ ನೂರು ದಾಟಿದವರು, ಇಬ್ಬರೂ ಭಾರತರತ್ನರು, ಬದುಕಿರುವಾಗಲೇ ಅಂಚೆಚೀಟಿಯ ಮೇಲೆ ತಮ್ಮ ಚಿತ್ರವನ್ನು ಕಂಡವರು. ವಿಶ್ವೇಶ್ವರಯ್ಯನವರ ಕಥೆ ನಮ್ಮ ಮನೆಮನೆಗೂ ತಿಳಿದದ್ದು. ಕರ್ವೆಯವರ ಹೆಸರನ್ನು ಕೇಳಿದವರು ನಮ್ಮಲ್ಲಿ ಬಹಳ. ಅವರ ಬಾಳನ್ನು ಬಲ್ಲವರು ಕಡಿಮೆ. ಒಬ್ಬ ಗಣಿತದ ಉಪಾಧ್ಯಾಯ ನೂರನಾಲ್ಕು ವರ್ಷಗಳನ್ನು ಹೇಗೆ ಕಳೆದ, ಹೇಗೆ ಕೂಡಿದ ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕರ್ವೆಯವರು ಹುಟ್ಟಿದ್ದು ೧೮೫೮ರ ಏಪ್ರಿಲ್ ೧೮ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಶೇರವಲಿಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕಡಲ ದಂಡೆಯ ಮುರುಡ್ ಎಂಬ ಹಳ್ಳಿಯಲ್ಲಿ. ಮನೆತನ ಒಂದು ಕಾಲಕ್ಕೆ ಅನುಕೂಲಸ್ಥರದು. ಇವರ ಕಾಲಕ್ಕೆ ಬಡತನ ಬಂದಿತ್ತು. ಅಲ್ಲಿಯ ಶಾಲೆಯಲ್ಲಿ ಸೋಮಣ ಎಂಬ ಗುರುಗಳಿದ್ದರು. ಅವರು ಈ ಹುಡುಗನಿಂದ ದುರ್ಗಾದೇವಿಯ ಗುಡಿಯಲ್ಲಿ ಊರವರಿಗೆ ವರ್ತಮಾನಪತ್ರಿಕೆಯನ್ನು ಓದಿಸುತ್ತಿದ್ದರು. ಓದು ಬಾರದ ಹತ್ತಾರು ಜನ ಸುತ್ತ ಕುಳಿತು ಕೇಳುವುದು. ಹುಡುಗ ನಡುವೆ ಕುಳಿತು ಓದುವುದು. ರೇಡಿಯೋ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಆ ಹಳ್ಳಿಗೆ ಅದೇ ಆಕಾಶವಾಣಿ. ತನಗೆ ಬಂದ ಓದು ತನ್ನೊಬ್ಬನದಲ್ಲ, ಸುತ್ತ ಕುಳಿತವರದು ಎಂಬ ಪಾಠವನ್ನು ಆ ಹುಡುಗ ಆ ಗುಡಿಯಲ್ಲೇ ಕಲಿತಿರಬೇಕೆಂದು ನನಗೆ ತೋರುತ್ತದೆ.

ಹದಿನೇಳನೆಯ ವಯಸ್ಸಿನಲ್ಲಿ ಅವರು ಮರಾಠಿ ಆರನೆಯ ತರಗತಿಯ ಸಾರ್ವಜನಿಕ ಪರೀಕ್ಷೆಗೆ ಕೂರಬೇಕಾಯಿತು. ಪರೀಕ್ಷೆ ಸಾತಾರೆಯಲ್ಲಿ. ಮುರುಡಿನಿಂದ ಸಾತಾರೆಗೆ ನೂರು ಮೈಲಿಗೂ ಮಿಕ್ಕ ದಾರಿ. ನಡುವೆ ಸಹ್ಯಾದ್ರಿಯ ಘಟ್ಟ. ಗಂಟು ಹೊತ್ತು ಜತೆಗಾರರೊಡನೆ ನಾಲ್ಕು ದಿನ ನಡೆದು ಹೋದರು. ಪರೀಕ್ಷಾ ಮಂಡಲಿಯ ಅಧ್ಯಕ್ಷರು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ನಿನಗೆ ಹದಿನೇಳು ತುಂಬಿಲ್ಲ’ ಎಂದು ಒಳಗೆ ಬಿಡಲಿಲ್ಲ. ಆಳು ಸಣ್ಣವನು, ಮೈ ಕೃಶ; ಅದೇ ಅಪರಾಧವಾಯಿತು. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದರು. ಮರುವರ್ಷ ಕೊಲ್ಹಾಪುರಕ್ಕೆ ಹೋಗಿ ಅದೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಹೀಗೆ ಅವರ ವಿದ್ಯೆ ತಡೆತಡೆದು ಸಾಗಿತು. ಮೆಟ್ರಿಕ್ಯುಲೇಷನ್ ಮುಗಿಯುವಾಗ ಇಪ್ಪತ್ತಮೂರು ವರ್ಷ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಗಣಿತದಲ್ಲಿ ಬಿ.ಎ. ಪಡೆದದ್ದು ೧೮೮೪ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ. ಮಗ ಒಂದು ತರಗತಿಯಲ್ಲಿ ಹಿಂದೆ ಬಿದ್ದರೆ ಬಾಳೇ ಮುಗಿಯಿತೆಂದು ತಲೆಯ ಮೇಲೆ ಕೈ ಹೊತ್ತು ಕೂರುವ ತಂದೆತಾಯಿಗಳು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮುಂಬಯಿಯಲ್ಲಿ ಮನೆಪಾಠ ಹೇಳಿ, ಶಾಲೆಗಳಲ್ಲಿ ದುಡಿದು ಸಂಸಾರವನ್ನು ಸಾಗಿಸಿದರು. ಆಗಲೇ ತಮ್ಮ ಮನೆಯಲ್ಲಿ ಊರ ಕಡೆಯ ಹುಡುಗರನ್ನು ಇಟ್ಟುಕೊಂಡು ಓದಿಸುವ ಅಭ್ಯಾಸ ಅವರಿಗೆ. ಹಾಗೆ ಅವರ ಆಶ್ರಯದಲ್ಲಿ ಬೆಳೆದ ಬಂಧು ರಘುನಾಥ ಪುರುಷೋತ್ತಮ ಪರಾಂಜಪೆಯವರು ೧೮೯೯ರಲ್ಲಿ ಕೇಂಬ್ರಿಜ್‌ನಲ್ಲಿ ಸೀನಿಯರ್ ರ‍್ಯಾಂಗ್ಲರ್ ಪದವಿ ಪಡೆದ ಮೊದಲ ಭಾರತೀಯರಾದರು. ೧೮೯೧ ಕರ್ವೆಯವರ ಪಾಲಿಗೆ ದುಃಖದ ವರ್ಷ. ಬಾಲ್ಯದಲ್ಲೇ ಕೈಹಿಡಿದಿದ್ದ ಪತ್ನಿ ರಾಧಾಬಾಯಿ ಆ ವರ್ಷ ತೀರಿಕೊಂಡರು. ಅದೇ ವರ್ಷ ಗೋಪಾಲ ಕೃಷ್ಣ ಗೋಖಲೆಯವರ ಕರೆಯ ಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಹಿಂದಿನ ವರ್ಷ ತಿಲಕರು ರಾಜೀನಾಮೆ ಕೊಟ್ಟು ಹೋದದ್ದರಿಂದ ಅಲ್ಲಿ ಗಣಿತಕ್ಕೆ ಅಧ್ಯಾಪಕರು ಬೇಕಾಗಿದ್ದರು.

ಇಲ್ಲಿಂದ ಮುಂದೆ ಅವರ ಬಾಳು ಒಂದು ಪ್ರಶ್ನೆಯ ಸುತ್ತ ತಿರುಗಿತು. ಪತ್ನಿ ತೀರಿದ ಗಂಡಸಿಗೆ ಮರುಮದುವೆ ಮಾಡಲು ಊರೆಲ್ಲ ಮುಂದಾಗುತ್ತದೆ. ವರ್ಷ ತುಂಬುವುದರೊಳಗೆ ಎಳೆಯ ಹುಡುಗಿಯನ್ನು ತಂದು ಕೈಗೊಪ್ಪಿಸುತ್ತದೆ. ಪತಿ ತೀರಿದ ಹೆಂಗಸಿಗೆ? ಆ ಕಾಲದ ಮೇಲುಜಾತಿಯ ಮನೆಗಳಲ್ಲಿ ಆಕೆಯ ಪಾಡು ಏನಾಗಿತ್ತೆಂಬುದನ್ನು ನಮ್ಮ ಅಜ್ಜಿಯಂದಿರನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೋಳಿಸಿದ ತಲೆ, ಕೆಂಪು ಸೀರೆ, ಒಪ್ಪೊತ್ತಿನ ಊಟ, ಅಡಿಗೆಮನೆಯ ಮೂಲೆ. ಶುಭಕಾರ್ಯದ ದಿನ ಎದುರಿಗೆ ಬರಬಾರದೆಂಬ ಕಟ್ಟಳೆ. ವಿಧವಾ ವಿವಾಹವನ್ನು ಸಕ್ರಮಗೊಳಿಸುವ ಕಾನೂನು ಬಂದದ್ದು ೧೮೫೬ರಲ್ಲಿ, ಕರ್ವೆಯವರು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ. ಅವರಿಗೆ ಮೂವತ್ತು ದಾಟಿದ್ದರೂ ಆ ಕಾನೂನು ಮನೆಗಳ ಹೊಸ್ತಿಲನ್ನು ದಾಟಿರಲಿಲ್ಲ. ನಮ್ಮ ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರು ಇದೇ ವಸ್ತುವನ್ನಿಟ್ಟುಕೊಂಡು ‘ಇಂದಿರಾಬಾಯಿ’ ಕಾದಂಬರಿಯನ್ನು ಪ್ರಕಟಿಸಿದ್ದು ೧೮೯೯ರಲ್ಲಿ ಎಂಬುದನ್ನು ನೆನೆದರೆ, ಪ್ರಶ್ನೆ ಮಹಾರಾಷ್ಟ್ರದ್ದು ಮಾತ್ರವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

೧೮೯೩ರ ಮಾರ್ಚ್ ೧೧ರಂದು ಕರ್ವೆಯವರು ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಎಂಟರ ಎಳೆತನದಲ್ಲಿಯೇ ವೈಧವ್ಯಕ್ಕೀಡಾಗಿದ್ದ ಆಕೆ ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದುತ್ತಿದ್ದರು. ಮದುವೆಯಾದ ಮೇಲೆ ಆನಂದೀಬಾಯಿ ಎಂದು ಹೆಸರಾಯಿತು. ಜನ ಪ್ರೀತಿಯಿಂದ ಕರೆದದ್ದು ಬಾಯಾ ಎಂದು. ಹೊಸ ದಂಪತಿಗಳು ಮುರುಡಿಗೆ ಹೋದಾಗ ಊರು ಸಭೆ ಸೇರಿ ಬಹಿಷ್ಕಾರ ಹಾಕಿತು. ಕರ್ವೆಯವರು ಕೂತ ಪಂಕ್ತಿಯಲ್ಲಿ ಯಾರೂ ಕೂರಬಾರದು. ಮಗನನ್ನು ಮನೆಯಲ್ಲಿ ಇಳಿಸಿಕೊಂಡರೆ ಹೆತ್ತ ತಾಯಿಗೂ ಅದೇ ಶಿಕ್ಷೆ. ಇದೇ ಊರಿನ ಮಕ್ಕಳ ವಿದ್ಯೆಗೆಂದು ಅವರು ಅದಕ್ಕೆ ಮುಂಚೆಯೇ ನಿಧಿಯೊಂದನ್ನು ಕೂಡಿಸಲು ತೊಡಗಿದ್ದರು. ಬಹಿಷ್ಕಾರವಾಯಿತೆಂದು ಊರಿನ ಮೇಲೆ ಹಗೆ ಸಾಧಿಸಲಿಲ್ಲ. ಗುಡಿಯಲ್ಲಿ ಪತ್ರಿಕೆ ಓದಿ ಹೇಳಿದ ಹುಡುಗನನ್ನು ಊರು ಹೊರಗಿಟ್ಟಿತು. ಅವನು ಊರನ್ನು ಹೊರಗಿಡಲಿಲ್ಲ.

ವಿಧವೆಯರ ಮರುಮದುವೆಗೆ ಪ್ರೋತ್ಸಾಹ ಕೊಡಲು ಅವರು ೧೮೯೩ರಲ್ಲೇ ಒಂದು ಮಂಡಲಿಯನ್ನು ಕಟ್ಟಿದರು. ಆದರೆ ಕೆಲವೇ ವರ್ಷಗಳಲ್ಲಿ ಅವರಿಗೆ ಒಂದು ಸಂಗತಿ ತಿಳಿಯಿತು. ಮದುವೆಗೆ ಒಪ್ಪುವ ಮನೆಗಳು ಸಾವಿರಕ್ಕೊಂದು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮನೆಗಳ ಹೆಣ್ಣುಮಕ್ಕಳ ಗತಿಯೇನು? ಅವರ ಕೈಗೆ ವಿದ್ಯೆ ಕೊಟ್ಟರೆ ತಮ್ಮ ಬಾಳಿನ ದಾರಿಯನ್ನು ತಾವೇ ಆರಿಸಿಕೊಳ್ಳಬಲ್ಲರು. ಹೀಗೆಂದು ನಿಶ್ಚಯಿಸಿ ೧೮೯೬ರಲ್ಲಿ ಅನಾಥ ಬಾಲಿಕಾಶ್ರಮದ ಸಂಘವನ್ನು ಸ್ಥಾಪಿಸಿದರು. ೧೯೦೦ರಲ್ಲಿ ಆಶ್ರಮ ಪುಣೆಯ ಹೊರಗಿನ ಹಿಂಗಣೆ ಎಂಬಲ್ಲಿಗೆ ಹೋಯಿತು. ದಾನಿಯೊಬ್ಬರು ಕೊಟ್ಟ ಆರು ಎಕರೆ ನೆಲ. ಅದರ ಮೇಲೊಂದು ಗುಡಿಸಲು. ಸರಿಯಾದ ರಸ್ತೆಯೂ ಇಲ್ಲ. ಕಾಲೇಜಿನ ಪಾಠ ಮುಗಿಸಿ ಸಂಜೆ ಸುಮಾರು ನಾಲ್ಕು ಮೈಲಿ ನಡೆದು ಕರ್ವೆಯವರು ಅಲ್ಲಿಗೆ ಹೋಗುವರು. ಅಲ್ಲಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ಬೇಕುಬೇಡಗಳನ್ನು ವಿಚಾರಿಸುವರು. ರಜೆ ಬಂದರೆ ಊರೂರು ತಿರುಗಿ ನಿಧಿ ಕೂಡಿಸುವರು. ನಾಲ್ಕಾಣೆ ಕೊಟ್ಟವರಿಗೂ ನಮಸ್ಕಾರ, ಕೊಡದೆ ಬೈದವರಿಗೂ ನಮಸ್ಕಾರ. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ವ್ಯಾಕರಣದ ಪಾಠದಲ್ಲಿ ಬರೆಸುತ್ತೇವೆ. ಅವರು ಅದನ್ನು ನಡೆದು ತೋರಿಸಿದರು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. ಆಶ್ರಮವನ್ನು ವಿಧವಾ ವಿವಾಹದ ಪ್ರಚಾರದಿಂದ ಕರ್ವೆಯವರು ದೂರವಿಟ್ಟರು. ಅಲ್ಲಿ ವಿದ್ಯೆ ಮಾತ್ರ, ಮರುಮದುವೆಯ ಮಾತಿಲ್ಲ. ಹಾಗಿಲ್ಲದಿದ್ದರೆ ಸಂಪ್ರದಾಯದ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಇದರ ಫಲವಾಗಿ, ಮರುಮದುವೆಯಾದ ಅವರ ಸ್ವಂತ ಪತ್ನಿಯೇ ಮೊದಮೊದಲು ಆಶ್ರಮದ ಕೆಲಸದಿಂದ ಹೊರಗೆ ನಿಲ್ಲಬೇಕಾಯಿತು. ತನ್ನಂಥವರಿಗಾಗಿಯೇ ಕಟ್ಟಿದ ಮನೆಯಲ್ಲಿ ತನಗೇ ಸ್ಥಾನವಿಲ್ಲವೆಂಬ ನೋವು ಬಾಯಾ ಅವರನ್ನು ಎಷ್ಟು ಸುಟ್ಟಿರಬೇಕು! ಪತಿ ತನ್ನ ಜೀವವಿಮೆಯ ಹಣವನ್ನೂ ಆಶ್ರಮಕ್ಕೆ ಬರೆದುಕೊಟ್ಟಾಗ, ನನ್ನ ಮಕ್ಕಳ ಗತಿಯೇನೆಂದು ಆ ತಾಯಿ ಕೇಳಿದ್ದೂ ನ್ಯಾಯವೇ. ಸುಧಾರಕರಲ್ಲಿ ಕೆಲವರು ಕರ್ವೆಯವರನ್ನು ಅಂಜುಬುರುಕರೆಂದರು, ಸಂಪ್ರದಾಯಸ್ಥರು ಧರ್ಮಭ್ರಷ್ಟರೆಂದರು. ನನ್ನ ಮಟ್ಟಿಗೆ ಹೇಳುವುದಾದರೆ, ಅದು ಅಂಜಿಕೆಯಲ್ಲ. ಅಂಜುವವರು ತಾವೇ ವಿಧವೆಯನ್ನು ಮದುವೆಯಾಗುತ್ತಿರಲಿಲ್ಲ. ತನ್ನ ಬಾಳಿನಲ್ಲಿ ತಾನು ಪೂರ್ತಿ ಹೆಜ್ಜೆ ಇಡಬಹುದು. ಇತರರ ಹೆಣ್ಣುಮಕ್ಕಳನ್ನು ಹೊರತರುವಾಗ ಅವರ ಮನೆಯವರು ಇಡಬಲ್ಲ ಹೆಜ್ಜೆಯನ್ನು ನೋಡಿಕೊಳ್ಳಬೇಕೆಂಬುದು ಅವರ ವಿವೇಕ. ಆದರೆ ಆ ವಿವೇಕದ ಬೆಲೆಯನ್ನು ಕೊಟ್ಟದ್ದು ಅವರೊಬ್ಬರೇ ಅಲ್ಲ, ಬಾಯಾ ಕೂಡ ಎಂಬುದನ್ನು ನಾವು ಮರೆಯಬಾರದು. ಆಕೆ ‘ಮಾಝೇ ಪುರಾಣ’ ಎಂಬ ಹೆಸರಿನಲ್ಲಿ ತಮ್ಮ ಕಥೆಯನ್ನು ತಾವೇ ಹೇಳಿದ್ದಾರೆ. ಅವರ ತಂಗಿ ಪಾರ್ವತೀಬಾಯಿ ಆಠವಲೆಯವರೂ ವಿಧವೆ. ಆಶ್ರಮಕ್ಕಾಗಿ ಬಾಳನ್ನು ಮುಡಿಪಿಟ್ಟ ಅವರು ಇಂಗ್ಲಿಷ್ ಕಲಿಯಲೂ ನಿಧಿ ಕೂಡಿಸಲೂ ಒಬ್ಬರೇ ಅಮೆರಿಕಕ್ಕೆ ಹೋಗಿ, ಅಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದರು. ಒಬ್ಬ ಮಹರ್ಷಿಯ ಹಿಂದೆ ಇಂಥ ಇಬ್ಬರು ಸೋದರಿಯರಿದ್ದರು.

ಆಶ್ರಮದ ಜತೆಗೆ ೧೯೦೭ರಲ್ಲಿ ಮಹಿಳಾ ವಿದ್ಯಾಲಯ, ೧೯೦೮ರಲ್ಲಿ ಕಾರ್ಯಕರ್ತರನ್ನು ಸಿದ್ಧಗೊಳಿಸುವ ನಿಷ್ಕಾಮ ಕರ್ಮ ಮಠ ಎದ್ದು ನಿಂತವು. ೧೯೧೪ರಲ್ಲಿ ಕರ್ವೆಯವರು ಫರ್ಗ್ಯುಸನ್ ಕಾಲೇಜಿನಿಂದ ನಿವೃತ್ತರಾದರು. ಆಗ ವಯಸ್ಸು ಐವತ್ತಾರು. ಕೇಳುಗರೇ, ಇಲ್ಲಿಗೆ ಅವರ ಕಥೆ ಮುಗಿದಿದ್ದರೂ ಅದೊಂದು ಸಾರ್ಥಕವಾದ ಬಾಳೇ. ಆದರೆ ಇನ್ನೂ ನಲವತ್ತೆಂಟು ವರ್ಷ ಬಾಕಿಯಿತ್ತು. ದೊಡ್ಡ ಕೆಲಸವೂ ಬಾಕಿಯಿತ್ತು.

ಕಾಶಿಯಿಂದ ಮಿತ್ರರೊಬ್ಬರು ಕಳಿಸಿದ್ದ ಒಂದು ಪುಟ್ಟ ಪುಸ್ತಕ ಅವರ ಮೇಜಿನ ಮೇಲೆ ಬಿದ್ದಿತ್ತು. ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ವರದಿ ಅದು. ೧೯೧೫ರಲ್ಲಿ ಅದನ್ನು ಓದಿದ ಕರ್ವೆಯವರಿಗೆ, ನಮ್ಮಲ್ಲೇಕೆ ಇಂಥದು ಇರಬಾರದೆನ್ನಿಸಿತು. ಆ ವರ್ಷದ ಕೊನೆಗೆ ಮುಂಬಯಿಯಲ್ಲಿ ಸೇರಿದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿಗೆ ಅವರೇ ಅಧ್ಯಕ್ಷರು. ಆ ಪೀಠದಿಂದಲೇ ತಮ್ಮ ಯೋಜನೆಯನ್ನು ಸಾರಿದರು. ೧೯೧೬ರಲ್ಲಿ ಭಾರತೀಯ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು. ಅದರ ಕಾಲೇಜಿಗೆ ಮೊದಲು ಸೇರಿದ ವಿದ್ಯಾರ್ಥಿನಿಯರು ಐವರು! ಐದು ಹುಡುಗಿಯರನ್ನು ಕೂಡಿಸಿ ವಿಶ್ವವಿದ್ಯಾಲಯವೆಂದು ಹೆಸರಿಡುವುದೆಂದರೆ ನಗುವವರಿಗೆ ಹಬ್ಬವಲ್ಲವೆ? ಸರ್ಕಾರದ ಮನ್ನಣೆಯೂ ಇಲ್ಲ, ಹಣವೂ ಇಲ್ಲ.

ಭಾಷೆಯನ್ನು ಕಲಿಸುವ ನನ್ನಂಥವನಿಗೆ ಈ ವಿಶ್ವವಿದ್ಯಾಲಯದ ಒಂದು ನಿಯಮ ಎಲ್ಲಕ್ಕಿಂತ ಮಿಗಿಲಾಗಿ ಕಾಣುತ್ತದೆ. ಅಲ್ಲಿ ಪಾಠ ನಡೆದದ್ದು ತಾಯ್ನುಡಿಯಲ್ಲಿ. ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತಿದ್ದರು. ದೇಶದ ಉಳಿದ ವಿಶ್ವವಿದ್ಯಾಲಯಗಳು ಇಂಗ್ಲಿಷಿನಲ್ಲೇ ಉಸಿರಾಡುತ್ತಿದ್ದ ಕಾಲವದು. ಗಾಂಧೀಜಿಯವರು ತಾಯ್ನುಡಿಯ ಮಾತನ್ನು ಮೆಚ್ಚಿದರು. ಆದರೆ ಇಂಗ್ಲಿಷನ್ನು ಕಡ್ಡಾಯ ಮಾಡಿದ್ದನ್ನು ಒಪ್ಪಲಿಲ್ಲ. ಕರ್ವೆಯವರು ಗೌರವದಿಂದ ಕೇಳಿಕೊಂಡರು, ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ತಾಯ್ನುಡಿಯಲ್ಲಿ ತಿಳಿಯಬೇಕು, ಇಂಗ್ಲಿಷಿನಿಂದ ಹೊರಲೋಕದ ಬಾಗಿಲೂ ತೆರೆದಿರಬೇಕು ಎಂಬುದು ಅವರ ಎಣಿಕೆ. ನೂರು ವರ್ಷಗಳ ಮೇಲೂ ನಾವು ಈ ವಾದವನ್ನು ಮುಗಿಸಿಲ್ಲವೆಂಬುದನ್ನು ನೆನೆದರೆ, ಅವರು ಎಷ್ಟು ದೂರ ನೋಡಿದ್ದರೆಂದು ಅಚ್ಚರಿಯಾಗುತ್ತದೆ.

೧೯೨೦ರಲ್ಲಿ ಮುಂಬಯಿಯ ಉದ್ಯಮಿ ಸರ್ ವಿಠ್ಠಲದಾಸ ಠಾಕರ್ಸೀಯವರು ಹದಿನೈದು ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದರು. ಅವರ ತಾಯಿಯ ಹೆಸರಿನಲ್ಲಿ ಸಂಸ್ಥೆಗೆ ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸೀ ಮಹಿಳಾ ವಿಶ್ವವಿದ್ಯಾಲಯವೆಂದು ನಾಮಕರಣವಾಯಿತು. ಎಸ್.ಎನ್.ಡಿ.ಟಿ. ಎಂದು ಎಲ್ಲರೂ ಕರೆಯುವುದು ಇದನ್ನೇ. ಇಂದು ಅದರ ಕೇಂದ್ರ ಮುಂಬಯಿಯಲ್ಲಿದೆ. ಸ್ವಾತಂತ್ರ್ಯ ಬಂದ ಮೇಲೆ ಶಾಸನಬದ್ಧವಾದ ಮನ್ನಣೆಯೂ ದೊರೆಯಿತು. ಐವರಿಂದ ತೊಡಗಿದ ಕೆಲಸಕ್ಕೆ ಸರ್ಕಾರದ ಮುದ್ರೆ ಬೀಳಲು ಮೂವತ್ತು ವರ್ಷಗಳಿಗೂ ಮೇಲಾಯಿತು. ಆದರೆ ಆ ಮುದ್ರೆಗಾಗಿ ಅವರು ಒಂದು ದಿನವೂ ಪಾಠವನ್ನು ನಿಲ್ಲಿಸಿರಲಿಲ್ಲ.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕರ್ವೆಯವರು ಹಡಗು ಹತ್ತಿದರು. ೧೯೨೯ರಲ್ಲಿ ಇಂಗ್ಲೆಂಡ್, ಜಿನೀವಾ, ಡೆನ್ಮಾರ್ಕ್‌ಗಳ ಶಿಕ್ಷಣ ಸಮ್ಮೇಳನಗಳಲ್ಲಿ ಭಾಗವಹಿಸಿ, ಬರ್ಲಿನ್ನಿನಲ್ಲಿ ಐನ್‌ಸ್ಟೈನರನ್ನು ಕಂಡು, ಅಮೆರಿಕ, ಜಪಾನುಗಳನ್ನು ಸುತ್ತಿ ಬಂದರು. ಬಂದು ವರ್ಷ ತುಂಬುವ ಮುನ್ನವೇ ಆಫ್ರಿಕಕ್ಕೆ ಹೊರಟು ಅಲ್ಲಿನ ಭಾರತೀಯರ ನಡುವೆ ಒಂದು ವರ್ಷಕ್ಕೂ ಮಿಕ್ಕಿ ತಿರುಗಿ ನಿಧಿ ಕೂಡಿಸಿದರು. ೧೯೩೬ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಶಾಲೆಯಿಲ್ಲದ ಹಳ್ಳಿಗಳಿಗೆ ಶಾಲೆ ಕೊಡಲೆಂದು ಗ್ರಾಮ ಪ್ರಾಥಮಿಕ ಶಿಕ್ಷಣ ಮಂಡಲಿಯನ್ನು ಕಟ್ಟಿದರು. ತಮ್ಮ ಅಲ್ಪ ಪಿಂಚಣಿಯಲ್ಲೇ ಒಂದು ಪಾಲನ್ನು ಅದಕ್ಕೆ ತೆಗೆದಿಟ್ಟರು. ಆ ವಯಸ್ಸಿನಲ್ಲೂ ಪುಣೆಯ ಮನೆಮನೆಯ ಬಾಗಿಲು ತಟ್ಟಿ ಕಾಸು ಕೂಡಿಸಿದರು. ನಲವತ್ತರಷ್ಟು ಹಳ್ಳಿಗಳಲ್ಲಿ ಶಾಲೆಗಳು ತೆರೆದವು. ೧೯೪೪ರಲ್ಲಿ, ಎಂಬತ್ತಾರರ ಹತ್ತಿರ, ಜಾತಿಭೇದವನ್ನು ತೊಡೆಯಲೆಂದು ಸಮತಾ ಸಂಘವನ್ನು ಸ್ಥಾಪಿಸಿದರು. ವಿಧವೆಯರಿಂದ ತೊಡಗಿದ ಕರುಣೆ ಎಲ್ಲ ಹೆಣ್ಣುಮಕ್ಕಳಿಗೂ, ಅಲ್ಲಿಂದ ಹಳ್ಳಿಯ ಮಕ್ಕಳಿಗೂ, ಅಲ್ಲಿಂದ ಮನುಷ್ಯಮಾತ್ರರಿಗೂ ಹರಡಿದ ಬಗೆಯನ್ನು ನೋಡಿ. ಮುಪ್ಪಿನಲ್ಲಿ ನಮ್ಮ ಮನಸ್ಸು ಸಾಮಾನ್ಯವಾಗಿ ಕಿರಿದಾಗುತ್ತ ಬರುತ್ತದೆ: ಊರಿನಿಂದ ಬೀದಿಗೆ, ಬೀದಿಯಿಂದ ಮನೆಗೆ, ಮನೆಯಿಂದ ನಮ್ಮ ಔಷಧದ ಸೀಸೆಗೆ. ಕರ್ವೆಯವರದು ಇದಕ್ಕೆ ವಿರುದ್ಧವಾದ ಪಯಣ.

ಅವರ ಮನೆಯೂ ನಿದ್ದೆ ಮಾಡುವವರ ಮನೆಯಾಗಿರಲಿಲ್ಲ. ಹಿರಿಯ ಮಗ ರಘುನಾಥರು ಸಂತಾನನಿಯಂತ್ರಣದ ವಿಚಾರವನ್ನು ೧೯೨೧ರಷ್ಟು ಹಿಂದೆಯೇ ಎತ್ತಿಕೊಂಡು, ‘ಸಮಾಜಸ್ವಾಸ್ಥ್ಯ’ ಎಂಬ ಪತ್ರಿಕೆಯನ್ನು ನಡೆಸಿ, ನ್ಯಾಯಾಲಯದ ಕಟಕಟೆ ಹತ್ತಿದವರು. ಮತ್ತೊಬ್ಬ ಮಗ ದಿನಕರರ ಪತ್ನಿ ಇರಾವತಿ ಕರ್ವೆಯವರು ‘ಯುಗಾಂತ’ವನ್ನು ಬರೆದ ಹೆಸರಾಂತ ವಿದುಷಿ. ಬಾಯಾ ಅವರು ೧೯೫೦ರಲ್ಲಿ ತೀರಿಕೊಂಡರು. ೧೯೫೫ರಲ್ಲಿ ಕರ್ವೆಯವರಿಗೆ ಪದ್ಮವಿಭೂಷಣ ಸಂದಿತು. ೧೯೫೮ರಲ್ಲಿ ನೂರು ತುಂಬಿದಾಗ ಭಾರತರತ್ನ ಪದವಿ. ಮುಂಬಯಿಯ ಬ್ರೇಬೋರ್ನ್ ಕ್ರೀಡಾಂಗಣದಲ್ಲಿ ಪ್ರಧಾನಿ ನೆಹರೂರವರ ಸಮ್ಮುಖದಲ್ಲಿ ಅಭಿನಂದನೆ. ಒಂದು ಕಾಲಕ್ಕೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಲೊಲ್ಲದ ಸಮಾಜ ಆ ದಿನ ಅವರ ಸುತ್ತ ಸಾವಿರಾರು ಸಂಖ್ಯೆಯಲ್ಲಿ ಕುಳಿತಿತು. ಅವರು ಬಂಗಾರದ ಮಾತಿನ ವಾಗ್ಮಿಯಲ್ಲ, ಕವಿಯಲ್ಲ, ಜನರನ್ನು ಕುಣಿಸುವ ನಾಯಕರೂ ಅಲ್ಲ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೇ ಆಗುತ್ತದೆಂದು ನಂಬಿ, ದಿನಕ್ಕಿಷ್ಟು ಕೂಡಿಸುತ್ತ ಹೋದ ಗಣಿತದ ಮೇಷ್ಟ್ರು.

ಇಂದಿನ ದಿನ ನಮ್ಮ ಜನರ ಆಯುಷ್ಯ ಹೆಚ್ಚಿದೆ. ಕೆಲಸದಿಂದ ನಿವೃತ್ತರಾದವರಿಗೆ ಇಪ್ಪತ್ತು, ಮೂವತ್ತು ವರ್ಷಗಳ ಬಾಳು ಮುಂದಿರುತ್ತದೆ. ನಾವು ಉಪಾಧ್ಯಾಯರು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಶಾಲು ಹೊದ್ದು ಮನೆಗೆ ಬರುತ್ತೇವೆ. ಮರುದಿನ ಬೆಳಗಾದರೆ ಮಾಡುವುದೇನೆಂದು ತಿಳಿಯದೆ ಜಗುಲಿಯ ಮೇಲೆ ಕೂರುತ್ತೇವೆ. ವಿಶ್ವವಿದ್ಯಾಲಯ ಕಟ್ಟುವುದು ಎಲ್ಲರಿಂದಲೂ ಆಗುವುದಲ್ಲ, ಆಗಬೇಕಾದದ್ದೂ ಇಲ್ಲ. ಆದರೆ ಪಕ್ಕದ ಬೀದಿಯಲ್ಲಿ ಓದು ಬಿಟ್ಟ ಒಬ್ಬ ಹುಡುಗಿ ಇದ್ದಾಳು; ಪತಿಯನ್ನು ಕಳೆದುಕೊಂಡು, ಅರ್ಜಿಯೊಂದನ್ನು ಬರೆಯಲಾರದೆ ಕಚೇರಿಯಿಂದ ಕಚೇರಿಗೆ ಅಲೆಯುವ ಒಬ್ಬ ಹೆಣ್ಣುಮಗಳು ಇದ್ದಾಳು. ತಲೆ ಬೋಳಿಸುವ ಪದ್ಧತಿ ಹೋಯಿತು. ಮಂಗಳಕಾರ್ಯದಲ್ಲಿ ಆಕೆಯನ್ನು ಹಿಂದಕ್ಕೆ ಸರಿಸುವ ಕಣ್ಣುಗಳು ಇನ್ನೂ ಪೂರ್ತಿ ಹೋಗಿಲ್ಲವೆಂಬುದು ನಮಗೆಲ್ಲ ಗೊತ್ತು. ಅಲ್ಲಿಂದಲೇ ತೊಡಗಬಹುದು.

ಹಿಂಗಣೆಯ ಆ ಭಾಗವನ್ನು ಈಗ ಕರ್ವೆನಗರವೆಂದು ಕರೆಯುತ್ತಾರೆ. ಒಂದು ಗುಡಿಸಲಿದ್ದ ನೆಲದಲ್ಲಿ ಶಾಲೆ ಕಾಲೇಜುಗಳೆದ್ದಿವೆ; ಬೆಳಗಾದರೆ ಹೆಣ್ಣುಮಕ್ಕಳು ಪುಸ್ತಕದ ಚೀಲ ಹೊತ್ತು ಗುಂಪುಗುಂಪಾಗಿ ಅಲ್ಲಿಗೆ ಹೋಗುತ್ತಾರೆ. ಅದೇ ದಾರಿಯಲ್ಲಿ ಒಬ್ಬ ಮೇಷ್ಟ್ರು ದಿನವೂ ಕಾಲ್ನಡಿಗೆಯಲ್ಲಿ ಬರುತ್ತಿದ್ದರೆಂಬುದು ಆ ಹುಡುಗಿಯರಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ದಾರಿಯಂತೂ ಅವರಿಗಾಗಿ ಸವೆದಿದೆ.